ಚಕ್ರವರ್ತಿ ಸತ್ತ ಗಂಟೆ

ಸಾಬಿರಾ ಸ್ಟೂಲಿನ ಮೇಲೆ ನಿಂತು, ಅಡುಗೆಮನೆಯ ಮೇಲಿನ ಶೆಲ್ಫಿನ ಮೂಲೆಯಲ್ಲಿದ್ದ ಬಟ್ಟೆಯ ಗಂಟನ್ನು ಎಳೆಯುತ್ತಿದ್ದಾಗ ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು.

"ಏನು ಹುಡುಕ್ತಾ ಇದೀರಿ?"

ಶಾಲಿನಿಯ ದನಿ. ಗಂಡ ಸತ್ತು ಮೂರು ದಿನವಾಗಿತ್ತು, ದನಿ ಒಂದು ಚೂರೂ ಒಡೆದಿರಲಿಲ್ಲ.

"ಬೇಳೆ," ಎಂದಳು ಸಾಬಿರಾ, ತಿರುಗಿಯೂ ನೋಡದೆ. ಐವತ್ತೈದು ವರ್ಷದ ಮೊಣಕಾಲು ಬೇಡ ಬೇಡ ಎನ್ನುತ್ತಿತ್ತು. ಬೇಡ ಎಂದವರ ಮಾತಿಗೆ ಸೊಪ್ಪು ಹಾಕುವ ಅಭ್ಯಾಸ ಅವಳಿಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ ಇರಲಿಲ್ಲ. ಅಮೆರಿಕಾಕ್ಕೆ ಬಂದು ಪತ್ತೇದಾರಿಕೆಯ ಲೈಸೆನ್ಸ್ ತೆಗೆದುಕೊಂಡ ಮೇಲೆ ಕೇಳುವುದೇ ಬೇಡ.

"ಸಾವಾದ ಮನೇಲಿ ಒಲೆ ಹಚ್ಚಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ?"

"ಗೊತ್ತು. ಬೇಯಿಸೋಕಲ್ಲ, ನೋಡೋಕೆ."

ಗಂಟು ಕೈಗೆ ಬಂತು. ಸಾಬಿರಾ ಮೆಲ್ಲಗೆ ಇಳಿದು ಅದನ್ನು ಕಟ್ಟೆಯ ಮೇಲಿಟ್ಟಳು. ಹಳೆಯ ಹತ್ತಿ ಪಂಚೆ. ಒಳಗೆ ನಾಲ್ಕು ಡಬ್ಬಗಳು: ತೊಗರಿ, ಉದ್ದು, ಕಡಲೆ, ಹೆಸರು. ಗಂಟಿಗೆ ಪಿನ್ನು ಚುಚ್ಚಿದ ಒಂದು ಚೀಟಿ. ಅದರ ಮೇಲೆ ಶಾಲಿನಿಯ ಗಂಡ ನಾಣಿಯವರ ದುಂಡನೆಯ ಅಕ್ಷರ: 'ದ್ವಿದಳ ವ್ರತ. ಉತ್ಥಾನ ದ್ವಾದಶಿ ತನಕ ಮುಟ್ಟಬೇಡಿ.'

ಗಂಟಿನ ಮಡಿಕೆಗಳಲ್ಲಿ ಧೂಳು ಕೂತಿತ್ತು. ಮೂರು ವಾರದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ.

"ನೀವು ಈ ಅಡುಗೆಮನೆಗೆ ಕಾಲಿಡಬಾರದಿತ್ತು," ಎಂದಳು ಶಾಲಿನಿ.

ಸಾಬಿರಾಳ ಕಿವಿ ಬಿಸಿಯಾಯಿತು. "ನಾಣಿ ಸರ್ ಇದ್ದಾಗ ಇದೇ ಕಟ್ಟೆ ಪಕ್ಕ ಕೂತು ನೂರು ಸಲ ಕಾಫಿ ಕುಡಿದಿದೀನಿ. ಅವರು ಹೋದ ತಕ್ಷಣ ನನ್ನ ಕಾಲಿಗೆ ಏನಾಯ್ತು?"

ಕಿಟಕಿಯಾಚೆ, ಸಿಯಾಟಲ್ ಹತ್ತಿರದ ಡುವಾಲಿನ ಕಣಿವೆಯ ಮೇಲೆ ಮಂಜು ಮಧ್ಯಾಹ್ನವಾದರೂ ಕರಗಿರಲಿಲ್ಲ. ಹಜಾರದಲ್ಲಿ ಮೂವತ್ತು ಜನ ಕೂತಿದ್ದರು. ಬೆಲ್ವ್ಯೂ, ರೆಡ್ಮಂಡ್ ಕಡೆಯಿಂದ ರಜೆ ಹಾಕಿ ಬಂದವರು, ಬಾಗಿಲಲ್ಲಿ ಅವರ ಶೂಗಳ ರಾಶಿ. ಗಂಟೆ ಹನ್ನೆರಡು. ದೇಹ ಶವಾಗಾರದಲ್ಲಿತ್ತು, ಎರಡಕ್ಕೆ ದಹನ.

ಅದಕ್ಕೂ ಮೊದಲು ನಾಣಿಯ ಮೊದಲ ಹೆಂಡತಿಯ ಮಗಳು ಜಾಹ್ನವಿ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಅದನ್ನು ತಡೆಯುವುದಕ್ಕೇ ಸಾಬಿರಾ ಬಂದಿದ್ದಳು. ಯಾರೂ ಕರೆದಿರಲಿಲ್ಲ, ಅದು ಬೇರೆ ಮಾತು.

ನಾಣಿಗೆ ಎಪ್ಪತ್ತೆರಡು. ರೆಡ್ಮಂಡಿನಲ್ಲಿ ಶಾಲಾ ಬಸ್ಸುಗಳ ದಾರಿ ಗೊತ್ತುಮಾಡುವ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು. ರೋಮನ್ ಚಕ್ರವರ್ತಿಗಳ ಹುಚ್ಚು. ಕಂಪನಿಗೆ ಪ್ರಿನ್ಸೆಪ್ಸ್ ಎಂದು ಹೆಸರಿಟ್ಟು, ಹಾಗೆಂದರೆ ಮೊದಲ ಪ್ರಜೆ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಹೃದಯ ಸೋತಿತ್ತು, ಡಾಕ್ಟರುಗಳು ಕೈಚೆಲ್ಲಿದ್ದರು, ಮನೆಯಲ್ಲೇ ಹಾಸಿಗೆ, ವಾರಕ್ಕೆರಡು ಸಲ ಬಂದು ನೋಡುವ ನರ್ಸು. ಹಾಗಾಗಿ ಭಾನುವಾರ ಸಂಜೆ ಆರು ಹತ್ತಕ್ಕೆ ಸಾವಿನ ಸುದ್ದಿ ಬಂದಾಗ ಯಾರೂ ಏನನ್ನೂ ಕೇಳಲಿಲ್ಲ. ಹೊಸ ನರ್ಸು ಬಂದಳು, ಮನೆಯವರು ಹೇಳಿದಂತೆ ಸಂಜೆ ಆರು ಗಂಟೆ ಎಂದು ಬರೆದುಕೊಂಡಳು, ಹೋದಳು.

ಅದೇ ಭಾನುವಾರ ಮೂರೂಕಾಲಿಗೆ ನಾಣಿಯ ಫೋನಿನಿಂದ ಮಗಳು ಜಾಹ್ನವಿಗೆ ಒಂದು ಮೆಸೇಜ್ ಹೋಗಿತ್ತು: 'ಕಂಪನಿ ರೋಹನ್‌ಗೆ. ನಿನ್ನ ಕೈಲಿ ಆಗಲ್ಲ. ವಾದ ಬೇಡ.' ಹದಿಮೂರು ವರ್ಷ ಆ ಕಂಪನಿಗೆ ದುಡಿದವಳು ಜಾಹ್ನವಿ. ರೋಹನ್ ಶಾಲಿನಿಯ ಮೊದಲ ಮದುವೆಯ ಮಗ, ನಾಣಿ ದತ್ತು ತೆಗೆದುಕೊಂಡವನು. ಜಾಹ್ನವಿ ಸಿಟ್ಟಿನಲ್ಲಿ ಬರೆದಳು: 'ಹಾಗಾದರೆ ಇವತ್ತಿನಿಂದ ನಿಮಗೆ ಮಗಳಿಲ್ಲ ಅಂದುಕೊಳ್ಳಿ.' ಓದಿದ ಗುರುತು ಬಿತ್ತು. ಮೂರು ಗಂಟೆಯ ನಂತರ ಅಪ್ಪ ಇಲ್ಲ ಎಂಬ ಸುದ್ದಿ.

ಮಗಳ ಮಾತಿಗೆ ಮುದುಕನ ಎದೆ ಒಡೆಯಿತು ಎಂದು ಊರೆಲ್ಲ ಹೇಳಿತು. ಜಾಹ್ನವಿಯೂ ಅದನ್ನೇ ನಂಬಿದಳು. ಕಂಪನಿ ಬಿಟ್ಟು ಹೋಗುತ್ತೇನೆ, ರೋಹನ್ ಪಟ್ಟಕ್ಕೆ ತನ್ನ ಒಪ್ಪಿಗೆ ಇದೆ ಎಂಬ ಕಾಗದವನ್ನು ಶಾಲಿನಿ ಮುಂದಿಟ್ಟಾಗ, ಅಪ್ಪನ ಕೊನೆಯ ಆಸೆಯಾದರೂ ನಡೆಯಲಿ ಎಂದು ಪೆನ್ನು ಕೇಳಿದ್ದಳು.

"ಭಾನುವಾರ ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ," ಎಂದಳು ಸಾಬಿರಾ. ತನ್ನ ಫೋನು ತೆಗೆದು ಶಾಲಿನಿಯ ಮುಂದೆ ಹಿಡಿದಳು. "ನಾಣಿ ಸರ್ ಫೋನಿಂದ, ಫ್ರೆಂಡ್ಸ್ ಗ್ರೂಪಿಗೆ. ಓದಿ."

'ಶಾಲಿನಿ ಮಾಡಿದ ಬಿಸಿಬೇಳೆಬಾತ್ ತಿಂದೆ. ಈಗ ಆರಾಮ. ಎಲ್ಲರಿಗೂ ಥ್ಯಾಂಕ್ಸ್.'

ಕೆಳಗೆ ನಲವತ್ತೆರಡು ನಮಸ್ಕಾರದ ಗುರುತುಗಳು.

"ಅದಕ್ಕೇನು?"

"ಅದಕ್ಕೇ ಈ ಗಂಟು. ಚಾತುರ್ಮಾಸದ ನಾಲ್ಕನೇ ತಿಂಗಳು ನಾಣಿ ಸರ್ ಬೇಳೆ ಕಾಳು ಮುಟ್ಟಲ್ಲ. ಹೋದ ಬುಧವಾರ ಅವರಿಗೆ ಅಂತ ನಾನು ಹೆಸರುಬೇಳೆ ಪಾಯಸ ತಂದಿದ್ದೆ. ಕೈ ಮುಗಿದ್ರು. ಉಳಿದ ಮಡಿ ಮೈಲಿಗೆ ಎಲ್ಲ ವಿಮಾನದಲ್ಲೇ ಬಿಟ್ಟು ಇಳಿದೆ ಸಾಬಿರಾ, ಇದೊಂದು ನಮ್ಮಮ್ಮನಿಗೆ ಮಾತು ಕೊಟ್ಟಿದ್ದು, ಒಗ್ಗರಣೆಗೆ ಉದ್ದಿನಬೇಳೆ ಬಿದ್ರೂ ತಿನ್ನಲ್ಲ, ಅಂದ್ರು."

ಶಾಲಿನಿ ನಕ್ಕಳು. "ಹೋಟೆಲಿಂದ ತರಿಸಿದ್ವಿ. ಸಾಯೋ ಮನುಷ್ಯ ಬಾಯಿ ಬಿಟ್ಟು ಕೇಳಿದ್ರೆ ವ್ರತ ಅಂತ ಇಲ್ಲ ಅನ್ನೋಕಾಗುತ್ತಾ?"

"ಮೆಸೇಜಲ್ಲಿ ನೀವು ಮಾಡಿದ್ದು ಅಂತಿದೆ."

"ಗಂಡ ಹೆಂಡತೀನ ಹೊಗಳೋದು ತಪ್ಪಾ?"

ಚುರುಕಾಗಿದ್ದಾಳೆ ಎಂದುಕೊಂಡಳು ಸಾಬಿರಾ. ಇಂಥವರ ಎದುರು ಅವಳಿಗೆ ಉತ್ಸಾಹ ಬರುತ್ತಿತ್ತು. ಚೀಲದಿಂದ ಪ್ರಿಂಟ್ ಮಾಡಿದ ಕಾಗದಗಳ ಒಂದು ಕಟ್ಟು ತೆಗೆದಳು. ನಾಣಿ ಕನ್ನಡದಲ್ಲಿ ಬರೆಯುತ್ತಿದ್ದ ಪುಸ್ತಕ, ರೋಮಿನ ಮೊದಲ ಚಕ್ರವರ್ತಿಗಳ ಬಗ್ಗೆ. ಒಂದೊಂದು ಅಧ್ಯಾಯ ಮುಗಿದಂತೆ ಓದಿ ಹೇಳು ಎಂದು ಅವಳಿಗೆ ಕೊಡುತ್ತಿದ್ದರು.

"ಇದರಲ್ಲೊಂದು ಪುಟ ಓದ್ತೀನಿ. ಕೇಳಿಸ್ಕೊಳ್ಳಿ."

"ಆ ಪುಸ್ತಕ ಟೈಪ್ ಮಾಡಿದ್ದೇ ನಾನು."

"ಹಾಗಾದ್ರೆ ಎಲ್ಲಿ ತಪ್ಪು ಓದಿದ್ರೂ ತಿದ್ದಬಹುದು."

ಸಾಬಿರಾ ಕನ್ನಡಕ ಏರಿಸಿ ಓದಿದಳು.

'ಅಗಸ್ಟಸ್ ನಲವತ್ತು ವರ್ಷ ರೋಮನ್ನು ಆಳಿದ. ಒಂದು ದಿನವೂ ತಾನು ರಾಜ ಎನ್ನಲಿಲ್ಲ, ಮೊದಲ ಪ್ರಜೆ ಅಷ್ಟೇ ಎಂದ. ರಾಜನೇ ಇಲ್ಲವೆಂದ ಮೇಲೆ ಯುವರಾಜ ಎಲ್ಲಿಂದ ಬರಬೇಕು? ಅಳಿಯನನ್ನು ಮುಂದೆ ತಂದ, ಅವನು ಸತ್ತ. ಇಬ್ಬರು ಮೊಮ್ಮಕ್ಕಳನ್ನು ದತ್ತು ತೆಗೆದುಕೊಂಡ, ಅವರೂ ಸತ್ತರು. ಕೊನೆಗೆ ಉಳಿದವನು ಹೆಂಡತಿ ಲಿವಿಯಾಳ ಮೊದಲ ಗಂಡನ ಮಗ, ಟೈಬೀರಿಯಸ್. ನೋಲಾ ಎಂಬ ಊರಿನಲ್ಲಿ ಮುದುಕ ಹಾಸಿಗೆ ಹಿಡಿದಾಗ ಲಿವಿಯಾ ಮನೆಗೂ ಬೀದಿಗೂ ಕಾವಲು ಹಾಕಿಸಿದಳು. ಒಳ್ಳೆಯ ಸುದ್ದಿ ಮಾತ್ರ ಆಗಾಗ ಹೊರಗೆ ಹೋಗುತ್ತಿತ್ತು. ಬೇಕಾದ ಏರ್ಪಾಡೆಲ್ಲ ಮುಗಿದ ಮೇಲೆ ಒಂದೇ ಉಸಿರಿನಲ್ಲಿ ಎರಡು ಸುದ್ದಿ ಹೊರಟವು: ಅಗಸ್ಟಸ್ ಸತ್ತ, ಟೈಬೀರಿಯಸ್ ಅಧಿಕಾರದಲ್ಲಿದ್ದಾನೆ.'

ಕಾಗದ ಕೆಳಗಿಟ್ಟಳು. "ಭಾನುವಾರ ಆರು ಗಂಟೆ ಹತ್ತು ನಿಮಿಷಕ್ಕೆ ಕಂಪನಿಯೋರಿಗೆಲ್ಲ ಒಂದು ಈಮೇಲ್ ಹೋಯ್ತು. ಒಂದೇ ಈಮೇಲು. ಮೊದಲನೇ ಸಾಲು, ನಾಣಿ ತೀರಿಕೊಂಡ್ರು. ಎರಡನೇ ಸಾಲು, ರೋಹನ್ ಇವತ್ತಿಂದ ಮುಖ್ಯಸ್ಥ. ಗಂಡ ಸತ್ತು ಹತ್ತು ನಿಮಿಷಕ್ಕೆ ಎರಡನೇ ಸಾಲು ಬರೆಯೋಷ್ಟು ಪುರುಸೊತ್ತು ಯಾರಿಗಿತ್ತು?"

"ರೋಹನ್‌ಗೆ ಕಂಪನಿ ಕೊಡೋ ಕಾಗದಕ್ಕೆ ಅವರೇ ಸಹಿ ಹಾಕಿದ್ರು. ನಾಲ್ಕು ಗಂಟೆಗೆ. ಫೋನಲ್ಲೇ, ಹೆಬ್ಬೆರಳು ಒತ್ತಿ. ರೆಕಾರ್ಡ್ ಇದೆ."

"ಇದೆ. ನೋಡಿದೀನಿ. ಸುದ್ದಿ ಆರಕ್ಕೇ ಯಾಕೆ ಬಂತು ಅಂತಾನೂ ನೋಡಿದೀನಿ." ಸಾಬಿರಾ ಫ್ರಿಜ್ಜಿನ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆ ಬೆರಳು ಮಾಡಿದಳು. ಸಿಯಾಟಲ್ ಸಮಯಕ್ಕೆ ಲೆಕ್ಕ ಹಾಕಿ ದೇವಸ್ಥಾನದವರು ಹಂಚಿದ್ದು. "ಭಾನುವಾರ ರಾಹುಕಾಲ ಸಂಜೆ ಆರರ ಹತ್ತಿರಕ್ಕೆ ಮುಗಿಯತ್ತೆ. ಹೊಸ ರಾಜನ ಹೆಸರು ರಾಹುಕಾಲದಲ್ಲಿ ಹೇಳ್ಬಾರ್ದು ಅಂತ ಕಾದ್ರಿ. ಇದೂ ಈ ಪುಸ್ತಕದಲ್ಲೇ ಇದೆ. ಕ್ಲಾಡಿಯಸ್ ಸತ್ತಾಗ ಅವನ ಹೆಂಡತಿ ಅಗ್ರಿಪ್ಪಿನಾ ತಾನು ಹೆತ್ತ ಮಗ ನೀರೋನ ಪಟ್ಟಕ್ಕೆ ತರೋಕೆ ಜೋಯಿಸರು ಹೇಳಿದ ಗಳಿಗೆ ಬರೋ ತನಕ ಸಾವನ್ನೇ ಮುಚ್ಚಿಟ್ಟಳು. ಕ್ಲಾಡಿಯಸ್‌ನ ಸ್ವಂತ ಮಗನ್ನ ಒಳಗೇ ಕೂರಿಸಿ ಸಮಾಧಾನ ಮಾಡ್ತಾ ಇದ್ದಳು. ನೀವು ಜಾಹ್ನವೀನ ಹಜಾರದಲ್ಲಿ ಕೂರಿಸಿದೀರಲ್ಲ, ಹಾಗೆ."

ಶಾಲಿನಿಯ ಮುಖ ಬಿಗಿಯಿತು. ಆದರೆ ಅವಳು ಹಿಂದೆ ಸರಿಯುವ ಪೈಕಿಯಲ್ಲ. ಕುರ್ಚಿ ಎಳೆದು ಕೂತಳು.

"ಸರಿ, ರೋಮ್ ಬಗ್ಗೆನೇ ಮಾತಾಡೋಣ. ಲಿವಿಯಾ ಹಾಗೆ ಮಾಡದೆ ಇದ್ದಿದ್ರೆ ಏನಾಗ್ತಿತ್ತು? ಹತ್ತು ಜನ ಸೇನಾಪತಿಗಳು, ಹತ್ತು ದಿಕ್ಕು, ಮತ್ತೆ ಯುದ್ಧ. ತಪ್ಪು ಯಾರದು? ಜೀವ ಇರೋವಾಗ ಬಾಯಿ ಬಿಟ್ಟು ಇವನೇ ನನ್ನ ನಂತರ ಅಂತ ಹೇಳೋಕೆ ಹೆದರಿದ ಗಂಡಸಿನದಲ್ವಾ? ಇವರೂ ಹಾಗೇ. ಮಗಳಿಗೆ ಒಂದು ಆಸೆ ತೋರಿಸಿದ್ರು, ನನ್ನ ಮಗನಿಗೆ ಇನ್ನೊಂದು. ತಾನು ಕಂಪನಿಯ ಮೊದಲ ಕೆಲಸಗಾರ ಅಷ್ಟೇ ಅಂತ ಎಲ್ಲರ ಮುಂದೆ ವಿನಯ. ಅವರು ಹಾಗೆ ಬಿಟ್ಟು ಹೋದದ್ದನ್ನ ಯಾರು ತೊಳೀಬೇಕು? ಹೆಂಡತಿ!"

ಮೊದಲ ಬಾರಿಗೆ ಸಾಬಿರಾಗೆ ಅವಳ ಮೇಲೆ ಸ್ವಲ್ಪ ಗೌರವ ಬಂತು. ಅದು ಸುಳ್ಳಲ್ಲ. ನಾಣಿ ದೊಡ್ಡ ಮನುಷ್ಯ, ಒಳ್ಳೆಯ ಮನುಷ್ಯ, ಇಷ್ಟು ವಿಷಯದಲ್ಲಿ ಹೇಡಿ. ಅಗಸ್ಟಸನ ತಪ್ಪನ್ನು ನಲವತ್ತು ಪುಟ ಬರೆದು, ಮನೆಯಲ್ಲಿ ಅದನ್ನೇ ಮಾಡಿದ್ದರು.

"ಒಪ್ಪಿದೆ," ಎಂದಳು. "ಆದ್ರೆ ಸತ್ತವರ ಕೈಲಿ ಮಗಳಿಗೆ ಮೆಸೇಜ್ ಬರೆಸೋದು ತೊಳೆಯೋ ಕೆಲಸ ಅಲ್ಲ ಶಾಲಿನಿಯವರೇ. ಆ ಮೆಸೇಜು ನಾಣಿ ಸರ್ ಕಳಿಸಿದ್ದಲ್ಲ."

"ಯಾವ ಮೆಸೇಜು?"

ಕೇಳಿದ್ದು ಶಾಲಿನಿಯಲ್ಲ. ಬಾಗಿಲು ತೆರೆದಿತ್ತು. ಜಾಹ್ನವಿ ನಿಂತಿದ್ದಳು. ಒಂದು ಕೈಯಲ್ಲಿ ಸಹಿಯಾಗದ ಕಾಗದ, ಇನ್ನೊಂದರಲ್ಲಿ ಪೆನ್ನು. ಮೂರು ದಿನ ನಿದ್ದೆಯಿಲ್ಲದ ಕಣ್ಣು ಕೆಂಪಾಗಿ ಊದಿಕೊಂಡಿತ್ತು.

"ನೀನು ಹೊರಗೆ ಹೋಗಮ್ಮ," ಎಂದಳು ಶಾಲಿನಿ.

"ಹೋಗ್ಬೇಡ," ಎಂದಳು ಸಾಬಿರಾ. "ಒಂದೇ ಪ್ರಶ್ನೆ. ಭಾನುವಾರ ನೀನು ಅಪ್ಪನ ಧ್ವನಿ ಕೇಳಿದ್ದು ಎಷ್ಟು ಗಂಟೆಗೆ? ಮೆಸೇಜ್ ಅಲ್ಲ, ಧ್ವನಿ."

"ಬೆಳಿಗ್ಗೆ ಎಂಟೂವರೆಗೆ, ಸಾಬಿರಾ ಆಂಟಿ. ಕಾಲ್ ಮಾಡಿದ್ರು."

"ಏನಂದ್ರು?"

ಜಾಹ್ನವಿ ತುಟಿ ಕಚ್ಚಿದಳು. "ಊಟದ್ ಮಾತೇ. ಅವರಿಗೆ ಯಾವಾಗ್ಲೂ ಅದೇ ತಾನೆ. ವ್ರತ ಮುಗಿಯೋಕೆ ಇನ್ನು ಒಂಬತ್ತು ದಿನ, ದ್ವಾದಶಿ ದಿನ ಬಾ, ಬಿಸಿಬೇಳೆಬಾತ್ ಮಾಡಿಸ್ತೀನಿ, ಇಬ್ಬರೂ ಕೂತು ತಿನ್ನೋಣ ಅಂದ್ರು. ನಿನಗೊಂದು ಕಾಗದ ಕೊಡೋದಿದೆ ಅಂತಾನೂ ಅಂದ್ರು."

"ಎಂಟೂವರೆಗೆ ಒಂಬತ್ತು ದಿನ ಕಾಯ್ತೀನಿ ಅಂದೋರು ಮಧ್ಯಾಹ್ನ ಒಂದು ಗಂಟೆಗೆ ಅದನ್ನೇ ತಿಂದು ಗ್ರೂಪಿಗೆ ಹಾಕಿದ್ರು. ಐವತ್ತು ವರ್ಷ ನಡೆಸಿದ ವ್ರತ. ನಂಬ್ತೀಯಾ?"

ಜಾಹ್ನವಿ ಕಟ್ಟೆಯ ಮೇಲಿನ ಗಂಟನ್ನು ನೋಡಿದಳು. ಚೀಟಿ ನೋಡಿದಳು. ಅಪ್ಪನ ಅಕ್ಷರ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಅಪ್ಪ ಹಾಗೆ ತಿನ್ನಲ್ಲ," ಎಂದಳು ನಿಧಾನವಾಗಿ. "ಡಾಕ್ಟರು ಪ್ರೋಟೀನ್ ಬೇಕು ಅಂತ ಬೈದ್ರೂ ತಿನ್ನಲಿಲ್ಲ."

"ಇದನ್ನ ಬರೆದೋರಿಗೆ ನಾಣಿ ಸರ್‌ಗೆ ಬಿಸಿಬೇಳೆಬಾತ್ ಇಷ್ಟ ಅನ್ನೋದು ಗೊತ್ತಿತ್ತು. ಯಾವ ತಿಂಗಳಲ್ಲಿ ತಿನ್ನಲ್ಲ ಅನ್ನೋದು ಗೊತ್ತಿರ್ಲಿಲ್ಲ. ಇಲ್ಲೇ ಬೆಳೆದ ಮಕ್ಕಳಿಗೆ ತಿಂಡಿ ಹೆಸರು ಬರತ್ತೆ, ಪಂಚಾಂಗ ಬರಲ್ಲ." ಸಾಬಿರಾ ಶಾಲಿನಿಯ ಕಡೆ ತಿರುಗಿದಳು. "ರೋಹನ್ ಬರೆದದ್ದು. ನೀವು ಹಾಕು ಅಂದಿದೀರಿ, ಅವನು ಹಾಕಿದಾನೆ. ನೀವೇ ಬರೆದಿದ್ರೆ ಮೊಸರನ್ನ ಅಂತ ಬರೀತಿದ್ರಿ."

ಶಾಲಿನಿ ತಲೆ ತಗ್ಗಿಸಲಿಲ್ಲ. ಹೊರಗೆ ಹಜಾರದಲ್ಲಿ ಯಾರೋ ಕೆಮ್ಮಿದರು.

"ನಾಣಿ ಸರ್ ಬೆಳಿಗ್ಗೆಯೇ ಹೋಗಿದ್ರು," ಎಂದಳು ಸಾಬಿರಾ. ಮೂರು ದಿನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು, ಈಗ ಕಡ್ಡಿ ಮುರಿದ ಹಾಗೆ ಹೊರಗೆ ಬಂತು. "ಎಂಟೂವರೆಯ ಮೇಲೆ, ಒಂದು ಗಂಟೆಯ ಒಳಗೆ. ನೀವು ಮುಚ್ಚಿಟ್ರಿ. ಅದಕ್ಕೇ ಯಾರನ್ನೂ ಮನೆಗೆ ಬಿಡ್ಲಿಲ್ಲ, ಮಲಗಿದಾರೆ, ಡಿಸ್ಟರ್ಬ್ ಮಾಡ್ಬೇಡಿ ಅಂತ ಎಲ್ಲರಿಗೂ ಹೇಳಿದ್ರಿ. ಸಹಿ ಆಗೋ ತನಕ ಅವರು ಬದುಕಿರ್ಬೇಕಿತ್ತು. ಅಲ್ವಾ?"

ಶಾಲಿನಿ ಎದ್ದು ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದಳು, ಕುಡಿದಳು, ಲೋಟವನ್ನು ಬೋರಲು ಇಟ್ಟಳು. ಆಮೇಲೆ ತಿರುಗಿದಳು.

"ಹೌದು," ಎಂದಳು.

ಜಾಹ್ನವಿಯ ಕೈಯಿಂದ ಪೆನ್ನು ಬಿತ್ತು.

"ಹನ್ನೊಂದು ಗಂಟೆಗೆ ಹೋದ್ರು. ಕಾಫಿ ತಗೊಂಡು ರೂಮಿಗೆ ಹೋದೆ, ಉಸಿರು ಇರಲಿಲ್ಲ. ಮುಚ್ಚಿಟ್ಟೆ. ಜಾಹ್ನವಿಗೆ ಮೆಸೇಜ್ ನಾನೇ ಹಾಕಿದೆ. ಏನ್ಮಾಡ್ತೀರಿ? ಇಪ್ಪತ್ತೆರಡು ವರ್ಷ ಅವರ ಮಾತ್ರೆ, ಅವರ ವ್ರತ, ಅವರ ರೋಮು, ಎಲ್ಲ ನಾನು ನೋಡ್ಕೊಂಡೆ. ನನ್ನ ಮಗನಿಗೆ ಒಂದು ಕುರ್ಚಿ ಬೇಕು ಅಂತ ಏಳು ಗಂಟೆ ಸುಳ್ಳು ಹೇಳಿದೆ. ಪೊಲೀಸ್‌ಗೆ ಹೇಳಿ, ಹೋಗಿ. ಆ ಸಹಿ ಬಿದ್ದು ಹೋಗತ್ತೆ ಅಷ್ಟೇ. ಅದಕ್ಕೆ ಯಾರನ್ನೂ ಗಲ್ಲಿಗೆ ಹಾಕಲ್ಲ."

ಸಾಬಿರಾ ಗೆದ್ದಿದ್ದಳು. ಗೆದ್ದಾಗ ಆಗಬೇಕಾದ ಸಂತೋಷ ಮಾತ್ರ ಆಗಲಿಲ್ಲ. ಇಷ್ಟು ಗಟ್ಟಿಗಿತ್ತಿ ಒಂದು ಚೀಟಿಗೂ ಒಂದು ಬೇಳೆಯ ಗಂಟಿಗೂ ಇಷ್ಟು ಬೇಗ ಒಪ್ಪಿಕೊಂಡಳೇ? ಅನುಮಾನ ಮನಸ್ಸಿನಲ್ಲಿ ಒಮ್ಮೆ ಸುಳಿಯಿತು. ಅದನ್ನು ಹಿಡಿದು ನೋಡುವ ಮೊದಲೇ ಜಾಹ್ನವಿ ಅವಳ ತೋಳು ಹಿಡಿದಳು.

"ಆಂಟಿ, ಹಾಗಾದ್ರೆ... ನಾನು ಬರೆದದ್ದನ್ನ ಅಪ್ಪ ಓದಲೇ ಇಲ್ವಾ?"

"ಇಲ್ಲ ಕಣಮ್ಮ. ಅಪ್ಪನ ಕೊನೇ ಮಾತು ನಿನಗೆ ಊಟಕ್ಕೆ ಬಾ ಅಂತ."

ಜಾಹ್ನವಿ ಅತ್ತಳು. ಮೂರು ದಿನ ಎಲ್ಲರ ಎದುರು ತಪ್ಪಿತಸ್ಥಳಂತೆ ಕೂತು ಅತ್ತ ಅಳುವಲ್ಲ ಇದು, ಅಪ್ಪ ಸತ್ತ ಮಗಳ ಅಳು. ಸಾಬಿರಾ ಅವಳ ತಲೆಯನ್ನು ಭುಜಕ್ಕೆ ಒತ್ತಿಕೊಂಡಳು. ತನ್ನ ಕಣ್ಣೂ ತುಂಬಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಅಳು ನಿಂತ ಮೇಲೆ ಜಾಹ್ನವಿ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಎರಡು ಚೂರು ಮಾಡಿದಳು, ಆಮೇಲೆ ನಾಲ್ಕು. ಕಸದ ಬುಟ್ಟಿಯ ಮುಚ್ಚಳ ಕಾಲಲ್ಲಿ ಒತ್ತಿ ಅದರೊಳಗೆ ಹಾಕಿದಳು. ಫೋನು ತೆಗೆದು ಹಜಾರಕ್ಕೆ ನಡೆದಳು.

"ಜಾಹ್ನವಿ!" ಎಂದಳು ಶಾಲಿನಿ. ಆ ದನಿಯಲ್ಲಿ ಈಗ ಅವಸರವಿತ್ತು. "ಎಲ್ಲಿಗೆ? ಒಪ್ಪಿಕೊಂಡೆನಲ್ಲ! ಕಂಪನಿ ಬೇಕಾದ್ರೆ ನೀನೇ ತಗೋ!"

ಜಾಹ್ನವಿ ನಿಲ್ಲಲಿಲ್ಲ.

ಹಜಾರದಲ್ಲಿ ಮೂವತ್ತು ತಲೆಗಳು ತಿರುಗಿದವು. ಪುರೋಹಿತರು ದರ್ಭೆ ಬಿಡಿಸುತ್ತಿದ್ದರು. ಸೋಫಾದ ನಡುವೆ ವಸಂತಲಕ್ಷ್ಮಿ ಕೂತಿದ್ದರು. ಊರಿನ ಕನ್ನಡದವರಿಗೆಲ್ಲ ದೊಡ್ಡಮ್ಮ, ಎಂಬತ್ತರ ಹತ್ತಿರ. ಅವರು ಹೇಳಿದ್ದು ಬೆಲ್ವ್ಯೂನಿಂದ ಡುವಾಲ್ ತನಕ ನಡೆಯುತ್ತಿತ್ತು.

"ಎಲ್ಲರೂ ಕ್ಷಮಿಸ್ಬೇಕು," ಎಂದಳು ಜಾಹ್ನವಿ. ಮಾತು ಸ್ಪಷ್ಟವಾಗಿತ್ತು. "ಇವತ್ತು ಅಪ್ಪನ ದಹನ ಆಗಲ್ಲ. ನಾನು ಕೌಂಟಿಯ ಶವಪರೀಕ್ಷೆ ಆಫೀಸಿಗೆ ಕಾಲ್ ಮಾಡ್ತಾ ಇದೀನಿ."

ಗುಜುಗುಜು ಎದ್ದಿತು. ವಸಂತಲಕ್ಷ್ಮಿ ಕೈ ಎತ್ತಿದರು, ನಿಂತಿತು.

"ಹೆಣ ಇಟ್ಕೊಂಡು ಇದೇನೇ ಹುಡುಗಿ? ಬದುಕಿದ್ದಾಗ ಅಂದದ್ದು ಸಾಲ್ದಾ? ಸತ್ತ ಮೇಲೆ ಅಪ್ಪನ್ನ ಕೊಯ್ಯಿಸ್ತೀಯಾ? ಕೊಳ್ಳಿ ಇಡೋಕೆ ಮಗ ತಯಾರಾಗಿ ನಿಂತಿದಾನೆ. ಮರ್ಯಾದೆಯಿಂದ ಕಳಿಸಿಕೊಡು."

"ಕೊಳ್ಳಿ ಇಟ್ಟೋರೇ ವಾರಸುದಾರರು ಅಂತ ಎಲ್ಲರಿಗೂ ಗೊತ್ತು, ದೊಡ್ಡಮ್ಮ. ಅದಕ್ಕೇ ಇಷ್ಟು ಅವಸರ," ಎಂದಳು ಜಾಹ್ನವಿ. "ಮೂರು ದಿನ ನೀವೆಲ್ಲ ನನ್ನ ಮುಖ ನೋಡದೆ ಮಾತಾಡಿದ್ರಿ. ಅಪ್ಪನ್ನ ಕೊಂದೋಳು ಅಂತ. ನಾನೂ ಸುಮ್ನೆ ಕೂತೆ, ಯಾಕಂದ್ರೆ ನಂಬಿದ್ದೆ. ಇನ್ನು ಕೂರಲ್ಲ. ಬೈಯ್ಯೋದಿದ್ರೆ ಬೈಯಿರಿ, ನಾಳೆಯಿಂದ ಮಾತು ಬಿಡೋದಿದ್ರೆ ಬಿಡಿ. ಅಪ್ಪ ಯಾವಾಗ ಸತ್ರು ಅಂತ ತಿಳ್ಕೊಳ್ಳದೆ ಅವರನ್ನ ಸುಡೋಕೆ ನಾನು ಬಿಡಲ್ಲ."

ವಸಂತಲಕ್ಷ್ಮಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಅವರ ಮಾತಿಗೆ ಎದುರು ಮಾತು ಆಡಿದವರು ಆ ಊರಲ್ಲಿ ಈವರೆಗೆ ಯಾರೂ ಇರಲಿಲ್ಲ. ಬಾಗಿಲ ಹತ್ತಿರ ನಿಂತ ಸಾಬಿರಾಗೆ ಜೋರಾಗಿ ಭಲೇ ಎನ್ನಬೇಕೆನಿಸಿತು. ಸಾವಿನ ಮನೆ, ನಾಲಿಗೆ ಕಚ್ಚಿಕೊಂಡಳು.

ಫೋನಿನಲ್ಲಿ ಒಬ್ಬಳು ಅಧಿಕಾರಿ ಬಂದಳು. ಜಾಹ್ನವಿ ಸ್ಪೀಕರ್ ಒತ್ತಿ, ಹೆಸರು, ವಿಳಾಸ, ದೇಹ ಇಟ್ಟಿರುವ ಜಾಗ, ಎಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಸಾವಿನ ಸಮಯ ಸುಳ್ಳು ಬರೆಸಿದ್ದಾರೆ ಎಂದಳು. ಅಧಿಕಾರಿ ಒಂದು ನಿಮಿಷ ಕಾಯಲು ಹೇಳಿದಳು. ಮತ್ತೆ ಬಂದು, ನಮ್ಮವರು ನೋಡುವ ತನಕ ದೇಹವನ್ನು ಯಾರೂ ಮುಟ್ಟದಂತೆ ಈಗಲೇ ತಿಳಿಸುತ್ತೇವೆ ಎಂದಳು.

"ಏನಿದು? ಏನಾಗ್ತಿದೆ?"

ಮೆಟ್ಟಿಲಿನಿಂದ ರೋಹನ್ ಇಳಿದು ಬಂದ. ಇಪ್ಪತ್ತೆಂಟರ ಹುಡುಗ, ಬರಿಮೈ, ಉಟ್ಟ ಪಂಚೆ ಸೊಂಟದಲ್ಲಿ ನಿಲ್ಲದೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಚಳಿಗೋ ಹೆದರಿಕೆಗೋ ನಡುಗುತ್ತಿದ್ದ. ಪಟ್ಟಕ್ಕೆ ಏರುವವನ ಗತ್ತು ಅವನಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ.

"ಅಪ್ಪ ಭಾನುವಾರ ಹನ್ನೊಂದು ಗಂಟೆಗೇ ಹೋಗಿದ್ರು ರೋಹನ್," ಎಂದಳು ಜಾಹ್ನವಿ. "ನಿಮ್ಮಮ್ಮನೇ ಈಗ ಒಪ್ಪಿಕೊಂಡ್ರು. ನೀನು ಹಾಕಿದ ಮೆಸೇಜು, ಆ ಸಹಿ, ಎಲ್ಲ ಅಪ್ಪ ಸತ್ತ ಮೇಲೆ."

"ವಾಟ್? ಹನ್ನೊಂದಾ?"

"ರೋಹನ್, ಮೇಲೆ ಹೋಗು," ಎಂದಳು ಶಾಲಿನಿ, ಸಾಬಿರಾಳ ಹಿಂದಿನಿಂದ.

ಅವನು ಹೋಗಲಿಲ್ಲ. ಅಮ್ಮನನ್ನು ನೋಡಿದ, ಅಕ್ಕನನ್ನು ನೋಡಿದ.

"ನೋ ನೋ, ಅಕ್ಕ. ಗ್ರೂಪ್ ಮೆಸೇಜ್ ನಾನೇ ಹಾಕ್ದೆ, ಯೆಸ್. ಡ್ಯಾಡ್ ಮಲಗಿದಾರೆ, ಎಲ್ರೂ ಕೇಳ್ತಿದಾರೆ, ಏನಾದ್ರೂ ಹಾಕು ಅಂದ್ರು ಅಮ್ಮ. ಸೈನ್ ಕೂಡ... ಫೋನಿಗೆ ಅವರ ಥಂಬ್ ಬೇಕಿತ್ತು. ಡ್ಯಾಡ್ ಓಕೆ ಅಂದಿದಾರೆ, ಬಟ್ ವೀಕ್ ಇದಾರೆ, ನೀನು ಹೆಲ್ಪ್ ಮಾಡು ಅಂದ್ರು. ನಾಲ್ಕು ಗಂಟೆಗೆ ನಾನು ಅವರ ಕೈ ಹಿಡಿದು ಫೋನ್ ಮೇಲೆ ಇಟ್ಟೆ." ಅವನು ತನ್ನ ಬಲಗೈಯನ್ನೇ ನೋಡಿಕೊಂಡ. "ಕೈ ಬೆಚ್ಚಗಿತ್ತು. ಕಣ್ಣು ಓಪನ್ ಮಾಡಲಿಲ್ಲ, ಬಟ್ ನನ್ನ ಬೆರಳು ಹಿಡ್ಕೊಂಡ್ರು. ಟೈಟಾಗಿ. ಬಿಡ್ಲೇ ಇಲ್ಲ. ನಾನೇ ಬಿಡಿಸ್ಕೋಬೇಕಾಯ್ತು."

ಪುರೋಹಿತರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು.

ನಾಣಿ ಬೆಳಿಗ್ಗೆ ಸತ್ತಿರಲಿಲ್ಲ. ಎಬ್ಬಿಸಿದರೂ ಏಳದ ನಿದ್ದೆಯಲ್ಲಿ ನಾಲ್ಕು ಗಂಟೆಯ ತನಕ ಬದುಕಿದ್ದರು, ಅವರ ಮಾತ್ರೆಗಳೆಲ್ಲ ಇದ್ದದ್ದು ಶಾಲಿನಿಯ ಕೈಯಲ್ಲಿ. ಸಹಿ ಬಿದ್ದ ಮೇಲೆ, ಸುದ್ದಿ ಹೊರಡುವ ಮೊದಲು, ಆ ಎರಡು ಗಂಟೆಯಲ್ಲಿ ಹೋಗಿದ್ದರು. ಸಾವನ್ನು ಮುಚ್ಚಿಟ್ಟೆ ಎಂದು ಶಾಲಿನಿ ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಇದಕ್ಕೇ. ದೊಡ್ಡದನ್ನು ಮರೆಮಾಡಲು ಅವಳಿಗೊಂದು ಚಿಕ್ಕ ತಪ್ಪು ಬೇಕಾಗಿತ್ತು. ಅದನ್ನು ಹುಡುಕಿ ಅವಳ ಕೈಗೆ ಕೊಟ್ಟವಳು ಸಾಬಿರಾ.

"ರೋಹನ್, ಬಾಯಿ ಮುಚ್ಚು!" ಎಂದು ಶಾಲಿನಿ ಚೀರಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ದನಿ ಒಡೆಯಿತು.

ಜಾಹ್ನವಿ ಅಲ್ಲಾಡದೆ ನಿಂತಿದ್ದಳು. ರೆಡ್ಮಂಡಿನ ಅವಳ ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಆ ಮಧ್ಯಾಹ್ನ ಸಿಟ್ಟಿನಲ್ಲಿ ಬರೆಯುತ್ತಾ ಕೂರದೆ ಹೊರಟು ಬಂದಿದ್ದರೆ ಅಪ್ಪ ಸಿಗುತ್ತಿದ್ದರು. ಆ ಲೆಕ್ಕ ಅವಳ ಮುಖದ ಮೇಲೆ ನಡೆಯುವುದನ್ನು ಸಾಬಿರಾ ನೋಡಿದಳು, ತಡೆಯಲಾರದೆ ಹೋದಳು.

ಫೋನಿನ ಆ ಕಡೆಯಿಂದ ಅಧಿಕಾರಿ ಮತ್ತೆ ಏನೋ ಕೇಳಿದಳು. ಜಾಹ್ನವಿ ಕೇಳಿಸಿಕೊಂಡಳು, ಫೋನನ್ನು ಎದೆಗೆ ಒತ್ತಿ ಹಿಡಿದಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು ಶಾಲಿನಿಯ ಎದುರು ನಿಂತಳು. ಕಣ್ಣು ಈಗ ಒಣಗಿತ್ತು.

"ಅಪ್ಪ ಎಷ್ಟು ಗಂಟೆಗೆ ಹೋದ್ರು ಅಂತ ಕೇಳ್ತಿದಾರೆ, ಚಿಕ್ಕಮ್ಮ. ಈ ಸಲ ಏನು ಹೇಳ್ತೀರಿ?"